ಇದು ಯಾವ ಬೀಜದ ಕಾಫಿ?

ಕಳೆದ ಚಳಿಗಾಲದ ಒಂದು ಸಂಜೆ ವಿಜಯಪುರದ ಗಾಂಧಿ ಚೌಕದ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಕಾಫಿ ಪುಡಿ ಕೊಳ್ಳಲು ನಿಂತಿದ್ದೆ. "ಯಾವ ಕಾಫಿ ಐತ್ರಿ?" ಎಂದು ಕೇಳಿದಾಗ ಅಂಗಡಿಯವರು ಬಹಳ ಸೌಜನ್ಯದಿಂದ, "ಐವತ್ತು ಗ್ರಾಂದ್ದೂ ಐತ್ರಿ, ನೂರು ಗ್ರಾಂದ್ದೂ ಐತ್ರಿ ಸರ್" ಎಂದರು. ನನ್ನ ಪ್ರಶ್ನೆ ಅವರಿಗೆ ತೂಕದ ಪ್ರಶ್ನೆಯಾಗಿ ಕೇಳಿಸಿತ್ತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ, ಏಕೆಂದರೆ ಪಾಕೀಟಿನ ಮೇಲೂ ಅದಕ್ಕಿಂತ ಹೆಚ್ಚಿನದೇನೂ ಬರೆದಿರಲಿಲ್ಲ. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು ಜೋಳದ ಚೀಲಕ್ಕೆ ಕೈಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡಿ, "ಇದು ಬರೇ ಮಾಲದಂಡಿ ಅಲ್ಲ ಬಿಡ್ರಿ, ಬೆರಕಿ ಐತಿ" ಎಂದು ಚೀಲದ ಬಾಯಿ ಮುಚ್ಚಿದರು. ಅಂಗಡಿಯವರು ವಾದಿಸಲಿಲ್ಲ, ಒಳಗಿನಿಂದ ಬೇರೆ ಚೀಲ ತಂದರು. ಅಂದು ಪಾಕೀಟು ಹಿಡಿದುಕೊಂಡು ಮನೆಗೆ ಬಂದವನಿಗೆ ಆ ಎರಡು ಮಾತುಗಳು ಒಟ್ಟಿಗೇ ನೆನಪಾಗಿ ಕಾಡತೊಡಗಿದವು. ಹಲ್ಲಿನ ಅಡಿಯಲ್ಲಿ ಜೋಳದ ತಳಿಯನ್ನು ಗುರುತಿಸಬಲ್ಲ ಊರಿನಲ್ಲಿ, ನಮ್ಮದೇ ರಾಜ್ಯದಲ್ಲಿ ಬೆಳೆದು ಬರುವ ಇನ್ನೊಂದು ಕಾಳಿನ ಹೆಸರನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ನಮ್ಮದು ಚಹಾದ ಸೀಮೆ ಎಂಬುದು ಇದಕ್ಕೆ ಸುಲಭವಾಗಿ ಸಿಗುವ ಉತ್ತರ. ಮನೆಗೆ ಬಂದವರಿಗೆ ಕಪ್ಪು ಬಸಿಯಲ್ಲಿ ಚಾ ಕೊಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ, ಮತ್ತು 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯ ನಾಲಿಗೆ ಮೈಸೂರಿಗಿಂತ ಸೊಲ್ಲಾಪುರಕ್ಕೆ ಹತ್ತಿರ. ಆದರೆ ಆ ಉತ್ತರ ನನಗೆ ಸಾಲದು. ಬೆಂಗಳೂರಿನಲ್ಲಿ ದಿನಕ್ಕೆ ಮೂರು ಸಲ ಕಾಫಿ ಕುಡಿಯುವ ಗೆಳೆಯರನ್ನು ಕೇಳಿದರೂ ಅವರು "ಫಿಲ್ಟರ್ ಕಾಫಿ" ಎನ್ನುತ್ತಾರೆ. ಫಿಲ್ಟರ್ ಎನ್ನುವುದು ಪಾತ್ರೆಯ ಹೆಸರು. ಬೀಜದ ಹೆಸರು ಅವರಿಗೂ ಗೊತ್ತಿಲ್ಲ.

ಬಾಳೆಹೊನ್ನೂರಿನ ಬೇಲಿಯ ಬಳಿ

ಬೀಜದ ಹೆಸರನ್ನು ಕೇಳಿದ ಒಬ್ಬರನ್ನು ನಾನು ಕಂಡಿದ್ದೇನೆ. ಅವರು ಜೀವಮಾನದಲ್ಲಿ ಕಾಫಿ ಕುಡಿದದ್ದು ಹತ್ತಿಪ್ಪತ್ತು ಸಲ ಇರಬಹುದು. ಅವರು ನನ್ನ ಆಯಿ, ಅಪ್ಪನ ತಾಯಿ.

ನಮ್ಮ ಮನೆತನದವರಿಗೆ ಬಾಳೆಹೊನ್ನೂರು ಎಂದರೆ ರಂಭಾಪುರಿ ಪೀಠ. 1980ರ ದಶಕದಲ್ಲಿ ನನ್ನ ಕಾಕಾ ಬ್ಯಾಂಕ್ ನೌಕರಿಯ ಮೇಲೆ ಚಿಕ್ಕಮಗಳೂರು ಜಿಲ್ಲೆಗೆ ವರ್ಗವಾಗಿದ್ದರಿಂದ, ಆಯಿಗೆ ಪೀಠದ ದರ್ಶನ ಮಾಡಿಸುವ ಅವಕಾಶ ಒದಗಿತು. ನನಗಾಗ ಹತ್ತು ವರ್ಷ. ಡಿಸೆಂಬರ್ ತಿಂಗಳು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬೆಳಗಾಗುವಾಗ ಕಣ್ಣು ಬಿಟ್ಟರೆ, ಆಕಾಶವೇ ಕಾಣದಷ್ಟು ಮರಗಳಿದ್ದವು. ದೂರದವರೆಗೆ ಬಯಲು ಕಂಡು ಅಭ್ಯಾಸವಾಗಿದ್ದ ಆಯಿ, ಸೆರಗನ್ನು ಬಿಗಿಯಾಗಿ ಹೊದ್ದು, "ಇಲ್ಲಿ ಬಿಸಿಲು ನೆಲಕ್ಕ ಬೀಳೂದಿಲ್ಲಲ್ಲೋ, ಪೀಕು ಹೆಂಗ ಬರ್ತೈತಿ?" ಎಂದು ಕಾಕಾನನ್ನು ಕೇಳಿದರು. ಭದ್ರೆಯ ದಂಡೆಯಲ್ಲಿ ಕೈಕಾಲು ತೊಳೆದು, ಪೀಠದ ದರ್ಶನ ಮುಗಿಸಿ, ಪ್ರಸಾದ ಮಾಡಿದ ಮೇಲೆ ಕಾಕಾ ನಮ್ಮನ್ನು ತಮಗೆ ಪರಿಚಯವಿದ್ದ ತೋಟವೊಂದಕ್ಕೆ ಕರೆದೊಯ್ದರು.

ಅಂದು ಹಣ್ಣು ಕುಯ್ಯುವ ಕೆಲಸ ನಡೆದಿತ್ತು. ಹೆಣ್ಣಾಳುಗಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದಿಂದ ಗಿಡಕ್ಕೆ ಸರಿಯುತ್ತಿದ್ದರು. ಮೇಲೆ ಸಿಲ್ವರ್ ಓಕ್ ಮರಗಳು, ಅವುಗಳ ಮೈಮೇಲೆ ಕಾಳುಮೆಣಸಿನ ಬಳ್ಳಿ, ಕೆಳಗೆ ಎದೆಯೆತ್ತರದ ಕಾಫಿ ಗಿಡಗಳು, ಗೆಣ್ಣು ಗೆಣ್ಣಿಗೂ ಗೊಂಚಲು ಕೆಂಪು ಹಣ್ಣು. ತೋಟದ ಲೆಕ್ಕಪತ್ರ, ಆಳುಗಳ ಕೆಲಸ ನೋಡಿಕೊಳ್ಳುವ ರೈಟರು ಬಂದು ಕಾಕಾನನ್ನು ಮಾತಾಡಿಸಿದರು. ಆಯಿ ಅವರಿಗೆ ನಮಸ್ಕರಿಸಿ ಮೊದಲು ಕೇಳಿದ ಮಾತು ಇದು: "ಇದು ಯಾವ ಬೀಜ ಐತ್ರಿ ತಮ್ಮಾ?"

"ಇದು ಅರೇಬಿಕಾ ಅಮ್ಮ. ಆ ತಗ್ಗಿನಲ್ಲಿ ಕಾಣ್ತದಲ್ಲ, ಅದು ರೊಬಸ್ಟಾ. ಅದರ ಕುಯ್ಲು ಇನ್ನೂ ತಡ" ಎಂದರು ಅವರು.

ಆಯಿಗೆ ಅಷ್ಟು ಸಾಲಲಿಲ್ಲ. "ಅದು ಜಾತಿ ಆತು. ಬೀಜ ಯಾವುದು?" ಎಂದು ಮತ್ತೆ ಕೇಳಿದರು. ರೈಟರು ಒಂದು ಕ್ಷಣ ಅವರ ಮುಖ ನೋಡಿ, ದನಿಯನ್ನೇ ಬದಲಿಸಿ, ತೋಟದ ಸಂಗತಿ ಬಲ್ಲವರೊಡನೆ ಮಾತಾಡುವಂತೆ ಹೇಳಿದರು: "ಏಳುನೂರ ತೊಂಬತ್ತೈದು ಅಂತ ಅಮ್ಮ. ಇಲ್ಲೇ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಬೀಜ." ಆಯಿ ತಲೆಯಾಡಿಸಿದರು. ನಂತರ ಒಂದು ಹಣ್ಣು ಕಿತ್ತು ಬೆರಳಲ್ಲಿ ಒತ್ತಿದರು. ಸಿಪ್ಪೆಯಿಂದ ಜಾರಿ ಬಂದ ಲೋಳೆಯ ಬೀಜವನ್ನು ಬಾಯಿಗೆ ಹಾಕಿ ಚೀಪಿ, "ಇಷ್ಟು ಸೀ ಐತಲ್ಲ, ಇದನ್ನ ಸುಟ್ಟು ಕಹಿ ಮಾಡ್ತಾರಲ್ಲವಾ" ಎಂದರು. ಬೀಜಗಳನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದರು: ಎರಡು ಬ್ಯಾಳಿ ಮುಖಕ್ಕೆ ಮುಖ ಕೊಟ್ಟು ಮಲಗಿದಂತೆ ಕೂಡಿಕೊಂಡಿದ್ದವು. ಇನ್ನೊಂದು ಹಣ್ಣಿನಲ್ಲಿ ಒಂದೇ ಬೀಜ ಇತ್ತು, ದುಂಡಗೆ, ಬಟಾಣಿಯಂತೆ. ಜೊತೆಗಾರ ಬೀಜ ಕಟ್ಟದೆ ಹೋದಾಗ ಉಳಿದದ್ದು ಹಣ್ಣಿನ ಇಡೀ ಜಾಗವನ್ನು ತಾನೇ ತುಂಬಿಕೊಂಡು ದುಂಡಗಾಗುತ್ತದೆ ಎಂದು ರೈಟರು ವಿವರಿಸಿದರು. ಪೀಬೆರಿ ಎಂದು ಹೆಚ್ಚಿನ ಬೆಲೆಗೆ ಮಾರುವುದು ಇದನ್ನೇ. ಹಾಗಾಗಿ ಪೀಬೆರಿ ಒಂದು ತಳಿಯಲ್ಲ. ಯಾವ ಗಿಡದಲ್ಲಾದರೂ ಅಲ್ಲಲ್ಲಿ ಕಾಣಿಸಿಕೊಳ್ಳುವ ಒಂಟಿ ಕಾಳು. ಅಂಗಡಿಗಳಲ್ಲಿ ಅದನ್ನು ತಳಿಯ ಹೆಸರೆಂಬಂತೆ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಆಯಿ ಮತ್ತು ಆ ರೈಟರು ಅರ್ಧ ಗಂಟೆ ಮಾತಾಡಿದರು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬೀಳಬೇಕು, ಬಿದ್ದ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾಗಿ ಅರಳುತ್ತದೆ, ಆಮೇಲೆ ಕಾಯಿ ನಿಲ್ಲಲು ಇನ್ನೊಂದು ಮಳೆ ಬೇಕು ಎಂದು ಅವರು ಹೇಳಿದಾಗ, ಹಿಂಗಾರಿ ಮಳೆಯ ಮೇಲೆ ಬದುಕು ಕಟ್ಟಿದ್ದ ಆಯಿಗೆ ಪ್ರತಿಯೊಂದು ಮಾತೂ ತಿಳಿಯಿತು. ಹಣ್ಣು ಒಣಗಿಸುವ ಜಾಗಕ್ಕೆ ಅಲ್ಲಿಯೂ ಕಣ ಎನ್ನುತ್ತಾರೆ ಎಂಬುದು ಅವರಿಗೆ ಬಹಳ ಹಿಡಿಸಿತು. ಕಣದ ಒಂದು ಪಾಲಿನಲ್ಲಿ ಹಣ್ಣನ್ನು ಇಡಿಯಾಗಿ ಹರವಿದ್ದರು, ಅದು ಚೆರಿ. ಇನ್ನೊಂದು ಪಾಲಿನಲ್ಲಿ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ಹೋಗುವಂತೆ ತೊಳೆದ ಬೀಜವಿತ್ತು. ಮೇಲಿನ ತೆಳು ಹೊಟ್ಟು ಇನ್ನೂ ಉಳಿದಿದ್ದ ಅದು ಪಾರ್ಚ್‌ಮೆಂಟ್. ಒಂದೇ ಗಿಡದ ಹಣ್ಣು ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯುತ್ತದೆ ಎನ್ನುವುದರ ಮೇಲೆ ಲೋಟದಲ್ಲಿ ಬೇರೆಯೇ ರುಚಿಯಾಗಿ ಬರುತ್ತದೆ. ಚೆರಿಯಲ್ಲಿ ಹಣ್ಣಿನ ಸಿಹಿಯೂ ಭಾರವೂ ಹೆಚ್ಚು, ತೊಳೆದದ್ದರಲ್ಲಿ ಹುಳಿಯ ತೆಳುವು, ಸ್ವಚ್ಛತೆ ಹೆಚ್ಚು. ಅಂದು ನನಗೆ ಇದಾವುದೂ ತಿಳಿದಿರಲಿಲ್ಲ. ಆಯಿ ಹೊರಡುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಹಣ್ಣು ಕಟ್ಟಿಕೊಂಡದ್ದಷ್ಟೇ ನೆನಪು.

ಬಂದರಿನ ಹೆಸರು

ಕಾಫಿಗೆ ಜಗತ್ತಿನಲ್ಲಿ ಹೆಸರುಗಳ ಬರವಿಲ್ಲ. ಆದರೆ ಆ ಹೆಸರುಗಳನ್ನು ಒಂದೊಂದಾಗಿ ಹಿಡಿದು ನೋಡಿದರೆ, ಅವು ಆಯಿಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅವು ಬೀಜ ಎಲ್ಲಿ ಹುಟ್ಟಿತು ಎಂದು ಹೇಳದೆ, ಕೊನೆಗೆ ಅದನ್ನು ಯಾರು ಮಾರಿದರು, ಯಾವ ಬಂದರಿನಿಂದ ಹಡಗು ಹೊರಟಿತು ಎಂಬುದನ್ನು ಹೇಳುತ್ತವೆ.

ಅರೇಬಿಕಾ ಎಂಬ ಹೆಸರೇ ಮೊದಲ ಉದಾಹರಣೆ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಗಿಡಕ್ಕೆ ಕಾಫಿಯಾ ಅರೇಬಿಕಾ ಎಂದು ಹೆಸರಿಟ್ಟಾಗ, ಯುರೋಪಿಗೆ ಕಾಫಿ ಬರುತ್ತಿದ್ದದ್ದು ಅರೇಬಿಯಾದ ಕಡೆಯಿಂದ. ಗಿಡದ ತವರು ಕೆಂಪು ಸಮುದ್ರದ ಆಚೆಗಿದೆ: ಇಥಿಯೋಪಿಯಾದ ನೈಋತ್ಯದ ಮಲೆಕಾಡುಗಳು. ಅಲ್ಲಿ ಅದು ಇಂದಿಗೂ ದೊಡ್ಡ ಮರಗಳ ನೆರಳಿನಲ್ಲಿ ತಾನಾಗಿ ಬೆಳೆಯುತ್ತದೆ. ಬಾಳೆಹೊನ್ನೂರಿನಲ್ಲಿ ಆಯಿ ಕಂಡು ಬೆರಗಾದ ನೆರಳು ಆ ಕಾಡಿನ ನೆನಪೇ ಹೌದು. ಅಲ್ಲಿಯ ಜನ ಕಾಫಿಯನ್ನು ಬುನಾ ಎನ್ನುತ್ತಾರೆ. ಅರಬರು ಬೀಜಕ್ಕೆ ಬುನ್ ಎಂದರು. ಆದರೆ ಲೋಕಕ್ಕೆ ಹರಡಿದ್ದು ಪೇಯದ ಹೆಸರಾದ ಕಹ್ವಾ, ಮೊದಲು ಮದ್ಯಕ್ಕೆ ಸಲ್ಲುತ್ತಿದ್ದ ಅರಬಿ ಶಬ್ದ. ಅದು ತುರ್ಕರ ಬಾಯಲ್ಲಿ ಕಹ್ವೆಯಾಗಿ, ಡಚ್ಚರ ಬಾಯಲ್ಲಿ ಕೊಫಿಯಾಗಿ, ಇಂಗ್ಲಿಷರ ಮೂಲಕ ನಮಗೆ ಕಾಫಿಯಾಗಿ ದಕ್ಕಿದೆ. ಬೀಜದ ಹೆಸರು ತವರಿನಲ್ಲೇ ಉಳಿಯಿತು.

ಕಾಫಿಯನ್ನು ಪೇಯವಾಗಿ ರೂಢಿಗೆ ತಂದವರು ಯಮನಿನ ಸೂಫಿಗಳು. 15ನೇ ಶತಮಾನದಲ್ಲಿ ಅವರು ರಾತ್ರಿಯ ಧ್ಯಾನದಲ್ಲಿ ನಿದ್ದೆ ಬಾರದಿರಲೆಂದು ಇದನ್ನು ಒಟ್ಟಿಗೆ ಕುಳಿತು ಕುಡಿಯುತ್ತಿದ್ದರು. ಹೆಜ್ಜೆ ಹೆಜ್ಜೆಗೂ ದರ್ಗಾ ಇರುವ ನಮ್ಮೂರಿನಲ್ಲಿ ಉರುಸಿನ ರಾತ್ರಿ ಬೆಳಗಿನ ತನಕ ಎಚ್ಚರವಿರುವವರನ್ನು ಕಂಡು ಬೆಳೆದ ನನಗೆ ಈ ಸಂಗತಿ ದೂರದ ಚರಿತ್ರೆಯಾಗಿ ಕಾಣುವುದಿಲ್ಲ. ಕಾಫಿಯನ್ನು ಮೊದಲು ಕಂಡುಕೊಂಡನೆನ್ನುವ ಆಡು ಕಾಯುವ ಹುಡುಗ ಕಾಲ್ದಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆಡುಗಳು ಹಣ್ಣು ತಿಂದು ಕುಣಿದ ಆ ಕಥೆ ಮೊದಲು ಅಚ್ಚಾದದ್ದು 1671ರಲ್ಲಿ, ರೋಮಿನಲ್ಲಿ. ಸೂಫಿಗಳು ಅದಕ್ಕೆ ಇನ್ನೂರು ವರ್ಷ ಮೊದಲೇ ಕಾಫಿ ಕುಡಿಯುತ್ತಿದ್ದರು. ನನಗೆ ಆಡಿನ ಕಥೆಗಿಂತ ಈ ಜಾಗರಣೆಯೇ ಪ್ರಿಯ. ಇನ್ನೊಂದು ವಿಷಯ: ಯಮನಿನ ಬೆಳೆಗಾರರು ಮನೆಯಲ್ಲಿ ಹೆಚ್ಚಾಗಿ ಕುಡಿಯುತ್ತಿದ್ದದ್ದು ಬೀಜದ ಕಾಫಿಯನ್ನಲ್ಲ, ಒಣಗಿದ ಹಣ್ಣಿನ ಸಿಪ್ಪೆಗೆ ಶುಂಠಿ ಹಾಕಿ ಕುದಿಸಿದ ಕಿಶ್ರ್. ಬೀಜ ಮಾರಾಟಕ್ಕೆ ಹೋಗುತ್ತಿತ್ತು. ಆಯಿಗೆ ಅಷ್ಟು ಸಿಹಿಯೆನಿಸಿದ ಭಾಗವನ್ನು ಎಸೆಯದೆ ಉಳಿಸಿಕೊಂಡ ಜನ ಅವರು.

ಹಾಗೆ ಮಾರಾಟಕ್ಕೆ ಹೋದ ಬೀಜ ಮೋಕಾ ಬಂದರಿನಿಂದ ಹಡಗೇರುತ್ತಿತ್ತು. ಕಡಲ ದಂಡೆಯ ಸುಡುಬಿಸಿಲಿನ ಆ ಊರಿನಲ್ಲಿ ಕಾಫಿ ಬೆಳೆಯುವುದಿಲ್ಲ, ಬೆಳೆಯುವುದು ಒಳನಾಡಿನ ಬೆಟ್ಟದ ಮೆಟ್ಟಿಲು ಹೊಲಗಳಲ್ಲಿ. ಆದರೂ ನೂರಾರು ವರ್ಷ ಯುರೋಪ್ ಕಾಫಿಯನ್ನು ಮೋಕಾ ಎಂದೇ ಕರೆಯಿತು. ನಮ್ಮ ತಿಕೋಟಾ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಬಳ್ಳಿ ಹಚ್ಚಿ, ಬೋರಿನ ನೀರು ಕಾಯ್ದು, ಶೆಡ್ಡಿನಲ್ಲಿ ಒಣಗಿಸಿದ ದ್ರಾಕ್ಷಿ ಲಾರಿಯೇರಿ ತಾಸಗಾಂವ, ಸಾಂಗ್ಲಿಯ ಪೇಟೆಗೆ ಹೋಗುತ್ತದೆ. ಅಲ್ಲಿ ಸವಾಲಾಗಿ ಹೊರಟಾಗ ಅದಕ್ಕೆ ಅಂಟುವುದು ಆ ಪೇಟೆಯ ಹೆಸರು. ಬೆಳೆದವನ ಊರು ಚೀಟಿಯ ಮೇಲೆ ಇರುವುದಿಲ್ಲ.

ಮಂಗಳೂರಿನ ಗೋದಾಮುಗಳಲ್ಲಿ ತಯಾರಾಗುವ ಮಾನ್ಸೂನ್ಡ್ ಮಲಬಾರ್ ಕಾಫಿಯ ಹೆಸರೂ ಇದೇ ಬಗೆಯದು. ಹಾಯಿಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಬೀಜ ಆಫ್ರಿಕಾ ಸುತ್ತಿ ಯುರೋಪ್ ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ಕಡಲಿನ ತೇವಕ್ಕೆ ಹಸಿರು ಬೀಜ ಉಬ್ಬಿ, ಬಿಳಿಚಿಕೊಂಡು, ಹುಳಿ ಕಳೆದು ಮೆತ್ತಗಾಗುತ್ತಿತ್ತು, ಮತ್ತು ಅಲ್ಲಿಯವರ ನಾಲಿಗೆ ಆ ರುಚಿಗೇ ಒಗ್ಗಿತ್ತು. ಪ್ರಯಾಣ ಚಿಕ್ಕದಾದ ಮೇಲೆ ಆ ರುಚಿ ತಪ್ಪಿದ್ದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ತೆರೆದ ಗೋದಾಮಿನಲ್ಲಿ ಹರವಿ ಮಳೆಗಾಲದ ಗಾಳಿ ಕುಡಿಸುವ ಪದ್ಧತಿ ಬಂತು. ಬೀಜ ಬೆಳೆದದ್ದು ಘಟ್ಟದ ಮೇಲೆ. ಹೆಸರು ಗಾಳಿಯದು, ಕರಾವಳಿಯದು.

ಏಳು ಬೀಜ ಮತ್ತು ಒಂದು ಸಂಖ್ಯೆ

ಮೆಕ್ಕಾ ಯಾತ್ರೆ ಮುಗಿಸಿ ಮರಳುವಾಗ ಬಾಬಾ ಬುಡನ್ ಎಂಬ ಸೂಫಿ ಸಂತರು ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು 17ನೇ ಶತಮಾನಕ್ಕೆ ಸೇರಿಸಿ ಹೇಳುತ್ತ ಬಂದ ಕಥೆ. ಮೊಳೆಯಬಲ್ಲ ಬೀಜವನ್ನು ಅರಬರು ಹೊರಗೆ ಬಿಡುತ್ತಿರಲಿಲ್ಲ, ಆದ್ದರಿಂದ ಅವರು ಬಚ್ಚಿಟ್ಟು ತಂದರು ಎಂದೂ ಹೇಳುತ್ತಾರೆ. ಕುಡಿಯುವ ಕಾಫಿ ಅಷ್ಟರಲ್ಲಿ ಹಿಂದೂಸ್ತಾನಕ್ಕೆ ಬಂದಾಗಿತ್ತು. ಜಹಾಂಗೀರನ ಕಾಲದಲ್ಲಿ ಇಲ್ಲಿದ್ದ ಎಡ್ವರ್ಡ್ ಟೆರಿ ಎಂಬ ಇಂಗ್ಲಿಷ್ ಪಾದ್ರಿ, ಮದ್ಯ ಮುಟ್ಟದ ಧಾರ್ಮಿಕರು ಕಪ್ಪು ಬೀಜ ಕುದಿಸಿದ ಕಾಫಿ ಎಂಬ ಪೇಯವನ್ನು ಕುಡಿಯುತ್ತಾರೆ ಎಂದು ಬರೆದಿದ್ದಾನೆ. ಪೇಯ ವ್ಯಾಪಾರಿಯೊಂದಿಗೆ ಬರುತ್ತದೆ. ಬೀಜ ಬರಬೇಕಾದರೆ ಬಿತ್ತುವ ಮನಸ್ಸಿನವರು ಬೇಕು.

ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಸಸಿಗಳ ಮುಂದಿನ ದಾರಿ ದಾಖಲಾಗಿದೆ. ಡಚ್ಚರು ಮಲಬಾರಿನಿಂದ 1696ರಲ್ಲಿ ಜಾವಾಕ್ಕೆ ಕಾಫಿ ಒಯ್ದರು, ಅದು ಉಳಿಯಲಿಲ್ಲ. 1699ರಲ್ಲಿ ಮತ್ತೆ ಒಯ್ದರು, ಅದು ಹಿಡಿಯಿತು. 1706ರಲ್ಲಿ ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನಕ್ಕೆ, 1714ರಲ್ಲಿ ಅದರ ಸಂತಾನ ಫ್ರಾನ್ಸಿನ ದೊರೆ 14ನೇ ಲೂಯಿಗೆ ಕಾಣಿಕೆಯಾಗಿ, ಅಲ್ಲಿಂದ ಅಮೆರಿಕದ ದ್ವೀಪಗಳಿಗೆ ಹೋಯಿತು. ಇಂದು ಟಿಪಿಕಾ ಎಂದು ಕರೆಯುವ ಅರೇಬಿಕಾ ವಂಶ ಹೀಗೆ ಹರಡಿತು. ಫ್ರೆಂಚರು ಯಮನಿನಿಂದ ನೇರವಾಗಿ ಬೂರ್ಬೋನ್ (ಇಂದಿನ ರಿಯೂನಿಯನ್) ದ್ವೀಪಕ್ಕೆ ಒಯ್ದದ್ದು ಬೂರ್ಬೋನ್ ಎಂಬ ಇನ್ನೊಂದು ವಂಶ. ಲೋಕದ ಬಹುಪಾಲು ಅರೇಬಿಕಾ ತೋಟಗಳ ಬೇರು ಈ ಎರಡರಲ್ಲಿದೆ. ಬ್ರೆಜಿಲಿನ ಬೆಟ್ಟದ ಮೇಲಿನ ಗಿಡವೊಂದರ ಮುತ್ತಜ್ಜಿಯ ಸಾಲಿನಲ್ಲಿ ನಮ್ಮ ಕರಾವಳಿಯ ಮಣ್ಣು ತಗುಲಿದ ಒಂದು ಸಸಿ ಇದ್ದಿರುತ್ತದೆ ಎಂಬುದನ್ನು ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ.

ಆದರೆ ಕೆಲವೇ ಬೀಜಗಳಿಂದ ಲೋಕವೆಲ್ಲ ತುಂಬಿದರೆ ಅದಕ್ಕೊಂದು ಬೆಲೆಯಿದೆ. ಅರೇಬಿಕಾ ತನ್ನ ಹೂವಿಗೆ ತನ್ನದೇ ಪರಾಗ ಕೊಟ್ಟುಕೊಂಡು ಕಾಯಿ ಕಟ್ಟುವ ಗಿಡ. ಆದ್ದರಿಂದ ಮಕ್ಕಳು ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತವೆ, ತಾಯಿಗೆ ತಾಳಲಾಗದ ರೋಗ ಮಕ್ಕಳಿಗೂ ತಾಳಲಾಗುವುದಿಲ್ಲ. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಹರಡಿ, ಎಲೆ ಉದುರಿಸಿ, ಕೆಲವೇ ದಶಕಗಳಲ್ಲಿ ಅಲ್ಲಿಯ ಕಾಫಿ ತೋಟಗಳನ್ನು ಮುಗಿಸಿತು. ಆ ನೆಲದಲ್ಲಿ ಚಹಾ ನೆಟ್ಟರು. ಅದೇ ರೋಗ ನಮ್ಮ ಮಲೆನಾಡಿಗೂ ಕೊಡಗಿಗೂ ಬಂದು, ಚಿಕ್ ಎಂದು ಕರೆಯುತ್ತಿದ್ದ ಹಳೆಯ ತಳಿಯನ್ನು ಕೊರಗಿಸಿತು.

ಇಲ್ಲಿಂದ ಮುಂದಿನ ಭಾಗ ನನಗೆ ಬಹಳ ಆಪ್ತವಾದದ್ದು, ಏಕೆಂದರೆ ಅದನ್ನು ಓದುವಾಗಲೆಲ್ಲ ಆಯಿ ಕಣ್ಣ ಮುಂದೆ ಬರುತ್ತಾರೆ. ಸುಗ್ಗಿಯ ಕಾಲದಲ್ಲಿ ರಾಶಿ ಮಾಡುವ ಮೊದಲು ಅವರು ಹೊಲದ ಉದ್ದಗಲ ನಡೆದು, ರೋಗ ತಾಗದ, ಕಾಳು ಒತ್ತಾಗಿ ತುಂಬಿದ ತೆನೆಗಳನ್ನು ಮಾತ್ರ ಕೊಯ್ದು ಬೇರೆ ಇಡುತ್ತಿದ್ದರು. ಆ ತೆನೆಗಳು ಮುಂದಿನ ಬಿತ್ತನೆಯವರೆಗೆ ಜಂತಿಗೆ ತೂಗುತ್ತಿದ್ದವು. ಎಷ್ಟೇ ಕಷ್ಟ ಬಂದರೂ ಅದನ್ನು ಬೀಸಲು ಹಾಕುವಂತಿರಲಿಲ್ಲ. ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಕೆಂಟ್ ಎಂಬ ಬೆಳೆಗಾರ 1911ರಲ್ಲಿ ಮಾಡಿದ್ದೂ ಇದನ್ನೇ. ಸುತ್ತಲಿನ ಗಿಡಗಳೆಲ್ಲ ತುಕ್ಕು ಹಿಡಿದು ಬೋಳಾಗಿರುವಾಗ ಹಸಿರಾಗಿ ನಿಂತಿದ್ದ ಗಿಡದ ಬೀಜವನ್ನು ಅವನು ಬೇರೆ ಮಾಡಿ ಬೆಳೆಸಿದ. ಅದು ಕೆಂಟ್ಸ್ ಎಂಬ ತಳಿಯಾಯಿತು. ಕೆಲವು ವರ್ಷಗಳಲ್ಲಿ ರೋಗ ಹೊಸ ರೂಪ ತಾಳಿ ಅದನ್ನೂ ಹಿಡಿಯಿತು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅರೇಬಿಕಾ ಮತ್ತು ಲೈಬೀರಿಕಾ ಎಂಬ ಇನ್ನೊಂದು ಕಾಫಿ ಜಾತಿ ತಾವಾಗಿಯೇ ಕೂಡಿ ಹುಟ್ಟಿದ್ದ ಗಿಡದ ಪೀಳಿಗೆಯನ್ನು ಅಲ್ಲಿ ಕೆಂಟ್ಸ್ ಜೊತೆ ಸಂಕರ ಮಾಡಿದರು. ಅದರಲ್ಲಿ ಆಯ್ದ ಗಿಡಕ್ಕೆ ಕೇಂದ್ರದ ಲೆಕ್ಕದ ಪುಸ್ತಕದಲ್ಲಿ ಬಂದ ಸಂಖ್ಯೆ ಎಸ್.795. 1940ರ ದಶಕದ ನಡುವಿನಲ್ಲಿ ಬೆಳೆಗಾರರ ಕೈಗೆ ಬಂದ ಆ ಬೀಜವೇ ಆಯಿ ಚೀಪಿದ್ದು.

ಈ ಎಸ್.795 ಇಂಡೋನೇಷ್ಯಾಕ್ಕೂ ಹೋಗಿದೆ. ಅಲ್ಲಿಯವರು ಅದನ್ನು ಜೆಂಬರ್ ಎನ್ನುತ್ತಾರೆ, ಏಕೆಂದರೆ ಅದು ಅವರಿಗೆ ಸಿಕ್ಕಿದ್ದು ಜಾವಾದ ಜೆಂಬರ್ ಊರಿನ ಸಂಶೋಧನಾ ಕೇಂದ್ರದಿಂದ. ಬಾಳೆಹೊನ್ನೂರಿನ ಮಗಳು ಜೆಂಬರಿನ ಸೊಸೆಯಾಗಿ ಹೆಸರು ಬದಲಿಸಿಕೊಂಡಳು. ನಂತರದ ತಳಿಗಳ ಸಂಬಂಧ ಇನ್ನೂ ದೂರದ್ದು. ತಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿ ಕೂಡಿ ಹುಟ್ಟಿದ ಗಿಡವೊಂದರ ರಕ್ತ ಕಾವೇರಿ, ಚಂದ್ರಗಿರಿ ಎಂಬ ನಮ್ಮ ತಳಿಗಳಲ್ಲಿ ಇದೆ, ಸೆಲೆಕ್ಷನ್ 9 ಎಂಬ ಇನ್ನೊಂದು ತಳಿಯಲ್ಲಿ ಅದರ ಜೊತೆ ಇಥಿಯೋಪಿಯಾದ ಒಂದು ತಳಿಯೂ ಸೇರಿದೆ.

ರೊಬಸ್ಟಾದ ಪರವಾಗಿ

ರೊಬಸ್ಟಾ ಎಂದರೆ ಕೀಳು, ಅರೇಬಿಕಾ ಎಂದರೆ ಮೇಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರೊಬಸ್ಟಾ ಎಂಬುದು ಗಿಡದ ಗಟ್ಟಿತನಕ್ಕೆ ಇಟ್ಟ ಹೆಸರು; ಶಾಸ್ತ್ರದಲ್ಲಿ ಅದು ಕಾಫಿಯಾ ಕೆನೆಫೊರಾ, ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ತಗ್ಗು ಕಾಡುಗಳ ಮರ. ಅದರ ಬೀಜದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು, ಸೆಖೆಯನ್ನೂ ತುಕ್ಕನ್ನೂ ಅದು ಹೆಚ್ಚು ತಾಳುತ್ತದೆ. ಯುರೋಪಿನವರು ಅದನ್ನು ಕಾಣುವ ಮೊದಲೇ ವಿಕ್ಟೋರಿಯಾ ಸರೋವರದ ದಂಡೆಯ ಹಾಯಾ ಜನ ಅದರ ಹಣ್ಣನ್ನು ಸೊಪ್ಪುಗಳ ಜೊತೆ ಬೇಯಿಸಿ, ಒಣಗಿಸಿ, ಬಂದವರ ಕೈಗೆ ಅಗಿಯಲು ಕೊಡುತ್ತಿದ್ದರು. ನಾವು ಎಲೆ ಅಡಿಕೆ ಕೊಟ್ಟು ಬರಮಾಡಿಕೊಳ್ಳುವ ಹಾಗೆ. ಅರೇಬಿಕಾ ಹುಟ್ಟಿದ್ದೇ ಈ ಕೆನೆಫೊರಾ ಮತ್ತು ಯೂಜೆನಿಯೋಯಿಡಿಸ್ ಎಂಬ ಇನ್ನೊಂದು ಕಾಡು ಜಾತಿಯ ಸಂಕರದಿಂದ. ಅದಕ್ಕೇ ಅರೇಬಿಕಾದಲ್ಲಿ 44 ಕ್ರೋಮೋಸೋಮುಗಳು, ಉಳಿದವುಗಳಲ್ಲಿ 22. ಹೀಗಿರುವಾಗ ರೊಬಸ್ಟಾವನ್ನು ಹೀಗಳೆಯುವುದೆಂದರೆ ಮೊಮ್ಮಗನನ್ನು ಹೊಗಳಿ ಅಜ್ಜನನ್ನು ಹೊರಗೆ ನಿಲ್ಲಿಸಿದಂತೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯ ಬಹುಪಾಲು ರೊಬಸ್ಟಾವೇ. ಹಾಲು ಹಾಕಿದ ಮೇಲೂ ಲೋಟದಲ್ಲಿ ಕಾಫಿ ಎಂಬ ಗುರುತು ಉಳಿದಿದ್ದರೆ ಅದರಲ್ಲಿ ಅದರ ಪಾಲು ದೊಡ್ಡದು. ಜಾಗ್ರತೆಯಿಂದ ಹಣ್ಣಾಗಿಸಿ ಕುಯ್ದು, ತೊಳೆದು ಒಣಗಿಸಿದ ರೊಬಸ್ಟಾವನ್ನು ಬೆಲ್ಲ ಹಾಕಿ ಕುಡಿದು ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ನೀರಿನ ಲೋಟ

ಬಾಳೆಹೊನ್ನೂರಿನ ಕಡೆಯಿಂದ ಮರಳಿ ವರ್ಗವಾದಾಗ ಕಾಕಾ ಮತ್ತು ಕಕ್ಕಿ ಹಿತ್ತಾಳೆಯ ಫಿಲ್ಟರ್ ಒಂದನ್ನು ತಂದಿದ್ದರು. ತಂದ ಪುಡಿ ಮುಗಿದ ಮೇಲೆ ಪೇಟೆಯಿಂದ ಪುಡಿ ಬಂತು. ಮೊದಲ ಗುಟುಕಿಗೇ ಕಕ್ಕಿ ಲೋಟ ಕೆಳಗಿಟ್ಟರು. ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ನಾವೆಲ್ಲ ಕುಳಿತಿದ್ದಾಗ ಅವರು ಗಾಜಿನ ಲೋಟದಲ್ಲಿ ತಣ್ಣೀರು ತಂದು, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿದರು. ಸ್ವಲ್ಪ ಪುಡಿ ನೀರಿನ ಮೇಲೆ ತೇಲಿತು. ಉಳಿದದ್ದು ನಿಮಿಷದೊಳಗೆ ಕೆಳಗಿಳಿಯತೊಡಗಿತು, ಇಳಿಯುವಾಗ ಹಿಂದೆ ಕಂದು ಬಣ್ಣದ ಎಳೆಗಳನ್ನು ಬಿಟ್ಟುಕೊಂಡು ಹೋಯಿತು. "ತೇಲೋದು ಕಾಫಿ, ಬಣ್ಣ ಬಿಟ್ಟು ಮುಳುಗೋದು ಚಿಕೋರಿ" ಎಂದರು ಕಕ್ಕಿ. ಆಯಿ ಮುಂದೆ ಬಂದು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಅರ್ಧಕ್ಕರ್ಧ ಬೆರಕಿ ಐತಲ್ಲ" ಎಂದರು. ಮೊನ್ನೆ ಅಂಗಡಿಯಲ್ಲಿ ಆ ಹಿರಿಯರ ಬಾಯಲ್ಲಿ ಕೇಳಿದ್ದೂ ಅದೇ ಶಬ್ದ.

ಚಿಕೋರಿಯ ಮೇಲೆ ನನಗೆ ದ್ವೇಷವಿಲ್ಲ. ಅದು ಒಂದು ಗಿಡದ ಬೇರು. ಕತ್ತರಿಸಿ, ಒಣಗಿಸಿ, ಹುರಿದರೆ ಅದರಲ್ಲಿರುವ ಇನುಲಿನ್ ಎಂಬ ನಾರಿನಂಶ ಕಂದಿ ಕಹಿಮಿಶ್ರಿತ ಸಿಹಿ ಕೊಡುತ್ತದೆ, ಡಿಕಾಕ್ಷನ್ನಿಗೆ ಗಾಢ ಬಣ್ಣ ಮತ್ತು ಸಾಂದ್ರತೆ ಕೊಡುತ್ತದೆ. ಅದರಲ್ಲಿ ಕೆಫೀನ್ ಇಲ್ಲ. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಕಾಫಿ ಸಿಗದಾದಾಗ ಫ್ರಾನ್ಸಿನಲ್ಲಿ ಅದು ಹರಡಿತು. ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು, ಚಿಕೋರಿ 49ಕ್ಕಿಂತ ಹೆಚ್ಚಿರಬಾರದು, ಎರಡರ ಪ್ರಮಾಣವನ್ನೂ ಪಾಕೀಟಿನ ಮೇಲೆ ಬರೆಯಬೇಕು ಎಂಬುದು ಕಾನೂನು. ನನ್ನ ಬೇಸರ ಬೇರೆ. ಕಾನೂನು ಕೇಳುವುದು ಕಾಫಿ ಎಷ್ಟು ಎಂದು; ಯಾವ ಕಾಫಿ ಎಂದು ಅದು ಕೇಳುವುದಿಲ್ಲ. 51 ಪಾಲಿನಲ್ಲಿ ಅರೇಬಿಕಾ ಇದೆಯೋ ರೊಬಸ್ಟಾವೋ, ತೊಳೆದದ್ದೋ ಚೆರಿಯೋ, ಪ್ಲಾಂಟೇಶನ್ ಎ ದರ್ಜೆಯ ದಪ್ಪ ಬೀಜವೋ ಒಡೆದ ಚೂರುಗಳೋ ಎಂಬುದನ್ನು ಹೇಳದೆಯೂ ಪಾಕೀಟು ಕಾನೂನಿನ ಪ್ರಕಾರ ಸರಿಯಾಗಿಯೇ ಇರುತ್ತದೆ. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಬೆಳೆದ ಸೀಮೆಯ ಹೆಸರನ್ನು ಕಾಯುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಆ ಹೆಸರುಗಳನ್ನು ನಾನು ನಮ್ಮೂರಿನ ಕಿರಾಣಿ ಅಂಗಡಿಯ ಯಾವ ಪಾಕೀಟಿನ ಮೇಲೂ ಇದುವರೆಗೆ ಓದಿಲ್ಲ.

ಈಗ ನಾನು ಹುರಿದ ಬೀಜವನ್ನೇ ತರಿಸಿ, ಮನೆಯಲ್ಲಿ ಬೀಸಿಕೊಳ್ಳುತ್ತೇನೆ. ತರಿಸುವ ಮುನ್ನ ಫೋನಿನಲ್ಲಿ ಯಾವ ತಳಿ, ಯಾವ ಕಣದ್ದು, ಎಂದು ಹುರಿದದ್ದು ಎಂದು ಕೇಳುತ್ತೇನೆ. ಬೆಳೆಗಾರರು ಆ ಪ್ರಶ್ನೆಗೆ ಎಂದೂ ಬೇಸರಪಟ್ಟಿಲ್ಲ. ಕೆಲವೊಮ್ಮೆ ಹೂಮಳೆ ತಡವಾದದ್ದರಿಂದ ಶುರುಮಾಡಿ, ಕಾಂಡಕೊರಕ ಬಿದ್ದು ಎಷ್ಟು ಗಿಡ ಕಿತ್ತು ಸುಡಬೇಕಾಯಿತು ಎನ್ನುವವರೆಗೆ ಹೇಳುತ್ತಾರೆ, ಮತ್ತು ನಾನು ಅದನ್ನು ಕೇಳುತ್ತ ಕೂರುತ್ತೇನೆ.

ಆಯಿ ಬಾಳೆಹೊನ್ನೂರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಹಣ್ಣುಗಳಲ್ಲಿ ಕೆಲವನ್ನು ಬಚ್ಚಲ ನೀರು ಹರಿಯುವ ಕಡೆ, ಬೇವಿನ ಗಿಡದ ನೆರಳಿನಲ್ಲಿ ಊರಿದ್ದರು. ಒಂದೂವರೆ ತಿಂಗಳು ಏನೂ ಕಾಣಲಿಲ್ಲ. ಶಿವರಾತ್ರಿಯ ಹೊತ್ತಿಗೆ ಎರಡು ಮೊಳಕೆಗಳು ಬೀಜದ ಹೊಟ್ಟನ್ನೇ ಟೊಪ್ಪಿಗೆಯಂತೆ ತಲೆಯ ಮೇಲೆ ಹೊತ್ತು ಮೇಲೆದ್ದವು. ಆಯಿ ಅವುಗಳ ಸುತ್ತ ತೊಗರಿ ಕಟ್ಟಿಗೆ ಚುಚ್ಚಿ, ಗೋಣಿತಟ್ಟು ಕಟ್ಟಿ, ದಿನವೂ ತಂಬಿಗೆಯಲ್ಲಿ ನೀರು ಹಾಕಿದರು. ಎಲೆ ಬಿಡಿಸಿಕೊಂಡವು. ಏಪ್ರಿಲ್‌ನ ಬಿಸಿಲಿಗೆ ಮೊದಲು ಒಂದು, ವಾರದ ನಂತರ ಇನ್ನೊಂದು, ಅಂಚಿನಿಂದ ಕಂದಿ ಒಣಗಿದವು.

ಅವರು ತೀರಿಕೊಂಡ ವರ್ಷ ಅಡಕಲ ಗಡಿಗೆಯಲ್ಲಿ ಅವರ ಬೀಜದ ಗಂಟುಗಳನ್ನು ತೆಗೆದು ನೋಡಿದೆವು. ಹಳೆಯ ಸೀರೆಯ ಅಂಚು ಹರಿದು ಕಟ್ಟಿದ ಸಣ್ಣ ಸಣ್ಣ ಗಂಟುಗಳು: ಮಾಲದಂಡಿ ಜೋಳ, ಕುಸುಬಿ, ಮಡಿಕೆ, ಅಗಸಿ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಗಂಟಿನ ಬಟ್ಟೆಯೇ ಅವರ ಗುರುತಾಗಿತ್ತು. ಕೊನೆಯ ಗಂಟಿನಲ್ಲಿ ಹನ್ನೊಂದು ಕಾಫಿ ಬೀಜ, ಹೊಟ್ಟಿನ ಸಮೇತ, ಬೂದು ಬಣ್ಣಕ್ಕೆ ತಿರುಗಿ ಇದ್ದವು. ಕಾಫಿ ಬೀಜ ಮೊಳೆಯುವ ಶಕ್ತಿಯನ್ನು ಕೆಲವೇ ತಿಂಗಳಲ್ಲಿ ಕಳೆದುಕೊಳ್ಳುತ್ತದೆ. ಕಾಕಾ ಅವನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ಏಳುನೂರ ತೊಂಬತ್ತೈದು" ಎಂದರು. ನಾನು ಒಂದು ಚೀಟಿಯ ಮೇಲೆ ಅದನ್ನು ಬರೆದು, ಬಾಳೆಹೊನ್ನೂರು ಎಂದೂ ಸೇರಿಸಿ, ಗಂಟಿನೊಳಗೆ ಇಟ್ಟು ಅದೇ ಅಂಚಿನಿಂದ ಮತ್ತೆ ಕಟ್ಟಿದೆ.